ಗರ್ಭಕೋಶದ ರಕ್ತದ ಹರಿವನ್ನು ಡಾಪ್ಲರ್‌ನಲ್ಲಿ ಅಳೆಯುವುದು ಹೇಗೆ: ತಯಾರಿಯಿಂದ ರಿಪೋರ್ಟಿನವರೆಗೆ

ಒಬ್ಬರು ಹಳೆಯ ರಿಪೋರ್ಟ್ ಹಿಡಿದುಕೊಂಡು ಸ್ಕ್ಯಾನ್ ರೂಮಿಗೆ ಬಂದರು. ಅದರಲ್ಲಿ ರಕ್ತನಾಳದ ಬಿಗಿ ಎಷ್ಟು ಅಂತ ಹೇಳುವ ಸಂಖ್ಯೆ, ಪಿಐ, 3.4 ಅಂತ ಬರೆದಿತ್ತು, ಕೆಳಗೆ ಕೆಂಪು ಗೆರೆ. "ಗರ್ಭಕೋಶಕ್ಕೆ ರಕ್ತ ಸರಿಯಾಗಿ ಹೋಗ್ತಿಲ್ವಂತೆ ಡಾಕ್ಟ್ರೇ, ಹಂಗಿದ್ರೆ ನಂಗೆ ಮಗು ನಿಲ್ಲೋದೇ ಇಲ್ವಾ?" ಅಂತ ಕೇಳಿದರು. ರಿಪೋರ್ಟ್ ತಿರುಗಿಸಿ ನೋಡಿದೆ. ಮುಟ್ಟಿನ ಮೂರನೇ ದಿನ ಮಾಡಿದ ಸ್ಕ್ಯಾನ್. ಬಲಗಡೆ ಮಾತ್ರ ಅಳೆದಿದ್ದಾರೆ. ರಕ್ತದ ವೇಗದ ಏರಿಳಿತ ತೋರಿಸುವ ಅಲೆಯ ಚಿತ್ರ ಇಲ್ಲವೇ ಇಲ್ಲ. ಗರ್ಭಕೋಶದ ಒಳಪದರ ಚೆನ್ನಾಗಿ ಬೆಳೆದ ಮೇಲೆ ಎರಡೂ ಕಡೆ ಅಳೆದು ನೋಡಿದಾಗ ಅದೇ ಹೆಂಗಸಿಗೆ ಸರಾಸರಿ 2.6 ಬಂತು. ಆ ಕೆಂಪು ಗೆರೆ ನೋಡಿದ ದಿನದಿಂದ ಅವರಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಫಾಲಿಕಲ್ (ಅಂಡ ಬೆಳೆಯುವ ಚೀಲ) ಸ್ಕ್ಯಾನ್ ಮಾಡಲು ಬರುತ್ತದೆ, ಆದರೆ ರಕ್ತದ ಹರಿವು ಅಳೆಯುವ ಡಾಪ್ಲರ್ ಬಟನ್ ಒತ್ತಲು ಇನ್ನೂ ಕೈ ಹಿಂಜರಿಯುತ್ತದೆ ಅನ್ನುವವರಿಗೆ ಇದು. ಸ್ಕ್ಯಾನ್ ಮಾಡಿಸಿಕೊಳ್ಳುವವರು ಓದಿದರೂ ತಮ್ಮ ರಿಪೋರ್ಟಿನಲ್ಲಿ ಏನಿರಬೇಕು, ಏನು ಇಲ್ಲ ಅನ್ನುವುದು ಗೊತ್ತಾಗುತ್ತದೆ. ಪಿಐ ಅನ್ನುವುದು ಎತ್ತರ ತೂಕದ ಹಾಗೆ ಒಬ್ಬರಿಗೆ ಅಂಟಿಕೊಂಡ ಸಂಖ್ಯೆ ಅಲ್ಲ. ಯಾವ ದಿನ ಅಳೆದಿರಿ, ಎಲ್ಲಿ ಅಳೆದಿರಿ, ಹೇಗೆ ಅಳೆದಿರಿ ಅನ್ನುವುದರ ಮೇಲೆ ಅದು ಬದಲಾಗುತ್ತದೆ. ಕೆಳಗಿನ ಹಂತಗಳೆಲ್ಲ ಈ ಮೂರನ್ನು ಸರಿಯಾಗಿ ಹಿಡಿಯುವುದಕ್ಕೆ.

ರಕ್ತ ಹೋಗುವ ದಾರಿ

ಸೊಂಟದ ಒಳಗೆ ಎರಡೂ ಕಡೆ ಇಂಟರ್ನಲ್ ಇಲಿಯಾಕ್ ಆರ್ಟರಿ ಅನ್ನುವ ದೊಡ್ಡ ರಕ್ತನಾಳ ಇದೆ. ಅದರ ಒಂದು ಕವಲು ಯುಟೆರೈನ್ ಆರ್ಟರಿ. ಅದು ಮೂತ್ರನಾಳವನ್ನು ಮೇಲಿನಿಂದ ದಾಟಿ, ಗರ್ಭಕಂಠ ಗರ್ಭಕೋಶಕ್ಕೆ ಸೇರುವ ಜಾಗದ ಪಕ್ಕಕ್ಕೆ ಬರುತ್ತದೆ. ಈ ಜಾಗಕ್ಕೆ ಇಂಟರ್ನಲ್ ಆಸ್ ಅನ್ನುತ್ತೇವೆ. ಅಲ್ಲಿಂದ ಗರ್ಭಕೋಶದ ಅಂಚು ಹಿಡಿದು ಬಳ್ಳಿಯ ಹಾಗೆ ಸುತ್ತಿ ಸುತ್ತಿ ಮೇಲೆ ಹತ್ತುತ್ತದೆ, ಮೇಲೆ ಹೋಗಿ ಅಂಡಾಶಯದ ಕಡೆಯಿಂದ ಬರುವ ಓವೇರಿಯನ್ ಆರ್ಟರಿಯ ಕವಲನ್ನು ಸೇರುತ್ತದೆ.

ದಾರಿಯುದ್ದಕ್ಕೂ ಅದರಿಂದ ಆರ್ಕುಯೇಟ್ ಕವಲುಗಳು ಹೊರಟು ಗರ್ಭಕೋಶದ ಸ್ನಾಯುವನ್ನು ಬಳೆಯಂತೆ ಸುತ್ತುತ್ತವೆ. ಅವುಗಳಿಂದ ರೇಡಿಯಲ್ ಕವಲುಗಳು ಒಳಮುಖವಾಗಿ ಇಳಿಯುತ್ತವೆ. ಒಳಪದರದ ಹತ್ತಿರ ಬಂದಾಗ ಅವು ಬೇಸಲ್ ಮತ್ತು ಸ್ಪೈರಲ್ ಅಂತ ಒಡೆಯುತ್ತವೆ. ಭ್ರೂಣ ಅಂಟಿಕೊಳ್ಳುವ ಜಾಗಕ್ಕೆ ರಕ್ತ ಕೊಡುವುದು ಸ್ಪೈರಲ್ ಆರ್ಟರಿಗಳು. ಯುಟೆರೈನ್ ಆರ್ಟರಿ ಊರಿಗೆ ಬರುವ ದೊಡ್ಡ ಕಾಲುವೆಯಾದರೆ, ಸ್ಪೈರಲ್ ಆರ್ಟರಿಗಳು ಗದ್ದೆಯೊಳಗಿನ ಸಣ್ಣ ತೋಡುಗಳು. ಕಾಲುವೆಯಲ್ಲಿ ನೀರಿದ್ದ ಮಾತ್ರಕ್ಕೆ ಪ್ರತಿ ಗದ್ದೆಗೂ ಹೋಗಿದೆ ಅಂತಿಲ್ಲ ಅಲ್ವಾ? ಹಾಗಾಗಿ ಎರಡನ್ನೂ ಬೇರೆ ಬೇರೆ ನೋಡಬೇಕು.

ಪಿಐ, ಆರ್‌ಐ ಅಂದರೆ ಏನು

ಹೃದಯ ಒಂದು ಸಲ ಬಡಿದಾಗ ರಕ್ತನಾಳದಲ್ಲಿ ವೇಗ ತಟ್ಟನೆ ಏರುತ್ತದೆ, ಆಮೇಲೆ ಇಳಿಯುತ್ತದೆ. ಏರಿದ ತುದಿಯ ವೇಗ ಒಂದು, ಮುಂದಿನ ಬಡಿತಕ್ಕೆ ಮುಂಚೆ ಉಳಿದಿರುವ ಕೊನೆಯ ವೇಗ ಇನ್ನೊಂದು, ಇಡೀ ಬಡಿತದ ಸರಾಸರಿ ವೇಗ ಮೂರನೆಯದು. ತುದಿಯ ವೇಗದಿಂದ ಕೊನೆಯ ವೇಗವನ್ನು ಕಳೆದು ಸರಾಸರಿಯಿಂದ ಭಾಗಿಸಿದರೆ ಪಲ್ಸಟಿಲಿಟಿ ಇಂಡೆಕ್ಸ್, ಅಂದರೆ ಪಿಐ. ಅದನ್ನೇ ತುದಿಯ ವೇಗದಿಂದ ಭಾಗಿಸಿದರೆ ರೆಸಿಸ್ಟೆನ್ಸ್ ಇಂಡೆಕ್ಸ್, ಅಂದರೆ ಆರ್‌ಐ. ಮುಂದಿನ ದಾರಿ ಬಿಗಿಯಾಗಿದ್ದರೆ ಎರಡೂ ಏರುತ್ತವೆ, ಸಡಿಲವಾಗಿದ್ದರೆ ಇಳಿಯುತ್ತವೆ.

ಒಂದು ಲೆಕ್ಕ ಮಾಡೋಣ. ಬಲಗಡೆ ತುದಿಯ ವೇಗ ಸೆಕೆಂಡಿಗೆ 40 ಸೆಂಟಿಮೀಟರ್, ಕೊನೆಯದು 6, ಸರಾಸರಿ 14. ಆಗ 40ರಲ್ಲಿ 6 ಕಳೆದರೆ 34. ಅದನ್ನು 14ರಿಂದ ಭಾಗಿಸಿದರೆ ಪಿಐ 2.43. 40ರಿಂದ ಭಾಗಿಸಿದರೆ ಆರ್‌ಐ 0.85. ಎಡಗಡೆ 36, 4, 11.5 ಬಂತು ಅನ್ನಿ. ಪಿಐ 2.78. ಎರಡೂ ಕಡೆಯ ಸರಾಸರಿ 2.6.

ಈಗ ಬಲಗಡೆ ಅಲ್ಟ್ರಾಸೌಂಡ್ ಕಿರಣ ರಕ್ತನಾಳಕ್ಕೆ 60 ಡಿಗ್ರಿ ಓರೆಯಲ್ಲಿ ಬಿದ್ದಿತ್ತು, ನೀವು ಕೋನ ಸರಿಪಡಿಸಲು ಮರೆತಿರಿ ಅಂದುಕೊಳ್ಳಿ. ಎಲ್ಲ ವೇಗಗಳೂ ಅರ್ಧಕ್ಕೆ ಇಳಿಯುತ್ತವೆ: 20, 3, 7. ಪಿಐ ಮಾತ್ರ 17 ಭಾಗಿಸು 7, ಅದೇ 2.43. ಅನುಪಾತ ಆಗಿರುವುದರಿಂದ ಕೋನದ ತಪ್ಪು ತಾನೇ ಹೊಡೆದುಹೋಗುತ್ತದೆ. ಗರ್ಭಕೋಶದ ಡಾಪ್ಲರ್‌ನಲ್ಲಿ ವೇಗಕ್ಕಿಂತ ಪಿಐ ಬಳಸುವುದು ಇದೇ ಕಾರಣಕ್ಕೆ, ಯಾಕೆಂದರೆ ಅಷ್ಟು ಸುತ್ತಿಕೊಂಡ ರಕ್ತನಾಳದಲ್ಲಿ ಕೋನ ಪಕ್ಕಾ ಹಿಡಿಯುವುದು ಕಷ್ಟ.

ಆರ್‌ಐಗಿಂತ ಪಿಐ ಮೇಲು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಕೊನೆಯ ವೇಗ ಸೊನ್ನೆಯಾದರೆ ಆರ್‌ಐ ಯಾವಾಗಲೂ 1 ಬರುತ್ತದೆ. ಸ್ವಲ್ಪ ಬಿಗಿ ಇದ್ದರೂ 1, ತುಂಬಾ ಬಿಗಿ ಇದ್ದರೂ 1. ಪಿಐ ಆಗಲೂ ವ್ಯತ್ಯಾಸ ತೋರಿಸುತ್ತದೆ.

ಹಂತ 1: ದಿನ ಮತ್ತು ಹೊತ್ತು ಆರಿಸುವುದು

ನನಗೆ ಕೇಳಿದರೆ ಅರ್ಧ ತಪ್ಪು ಇಲ್ಲೇ ಆಗುತ್ತದೆ. ಮುಟ್ಟಿನ ಮೊದಲ ದಿನಗಳಲ್ಲಿ ಪಿಐ ಜಾಸ್ತಿಯೇ ಇರುತ್ತದೆ, ಅದು ಸಹಜ. ಈಸ್ಟ್ರೋಜನ್ ಏರಿದಂತೆ ರಕ್ತನಾಳ ಸಡಿಲವಾಗಿ ಪಿಐ ಇಳಿಯುತ್ತಾ ಹೋಗುತ್ತದೆ. ಅಂಡ ಬಿಡುಗಡೆಯಾಗಿ ಸುಮಾರು ಒಂದು ವಾರಕ್ಕೆ, ಭ್ರೂಣ ಅಂಟಿಕೊಳ್ಳುವ ಹೊತ್ತಿಗೆ, ಸಾಮಾನ್ಯವಾಗಿ ಅತಿ ಕಡಿಮೆ. ಮೂರನೇ ದಿನದ ಸಂಖ್ಯೆ ಇಟ್ಟುಕೊಂಡು ಭ್ರೂಣ ನಿಲ್ಲುತ್ತದೋ ಇಲ್ಲವೋ ಹೇಳುವುದು ಬೇಸಿಗೆಯಲ್ಲಿ ಕೆರೆ ನೋಡಿ ಮಳೆಗಾಲದ ಬೆಳೆಯ ಲೆಕ್ಕ ಹಾಕಿದ ಹಾಗೆ.

ಹಾಗಾದರೆ ಯಾವಾಗ ನೋಡಬೇಕು? ಚಿಕಿತ್ಸೆಗೆ ತಕ್ಕ ಹಾಗೆ:

- ಐಯುಐ (ವೀರ್ಯವನ್ನು ಗರ್ಭಕೋಶದೊಳಗೆ ಬಿಡುವುದು) ಅಥವಾ ಸಹಜ ಸೈಕಲ್ (ಮುಟ್ಟಿನ ಚಕ್ರ) ಆದರೆ, ಫಾಲಿಕಲ್ ಬಲಿತ ದಿನ, ಅಂದರೆ ಅಂಡ ಬಿಡುಗಡೆ ಮಾಡಿಸುವ ಟ್ರಿಗರ್ ಇಂಜೆಕ್ಷನ್ ಕೊಡುವ ದಿನ.
- ಐವಿಎಫ್‌ನಲ್ಲಿ (ದೇಹದ ಹೊರಗೆ ಭ್ರೂಣ ಮಾಡುವುದು) ಫ್ರೆಶ್ ಟ್ರಾನ್ಸ್‌ಫರ್, ಅಂದರೆ ಫ್ರೀಜ್ ಮಾಡದೆ ಅದೇ ಸೈಕಲ್‌ನಲ್ಲಿ ಭ್ರೂಣ ಹಾಕುವುದು, ಆದರೆ, ಟ್ರಿಗರ್ ದಿನ ಒಂದು ಸಲ. ಬೇಕಿದ್ದರೆ ಟ್ರಾನ್ಸ್‌ಫರ್ ದಿನ ಇನ್ನೊಂದು ಸಲ.
- ಈಸ್ಟ್ರೋಜನ್ ಕೊಟ್ಟು ಒಳಪದರ ಬೆಳೆಸಿ, ಫ್ರೀಜ್ ಮಾಡಿಟ್ಟ ಭ್ರೂಣ ಹಾಕುವ ಫ್ರೋಜನ್ ಸೈಕಲ್ ಆದರೆ, ಪ್ರೊಜೆಸ್ಟರಾನ್ ಶುರುಮಾಡುವ ಮುಂಚೆ.

ಒಂದೇ ಕ್ಲಿನಿಕ್‌ನಲ್ಲಿ ಎಲ್ಲರೂ ಒಂದೇ ದಿನವನ್ನು ಪಾಲಿಸಬೇಕು. ಇವತ್ತು ಒಬ್ಬರು ಟ್ರಿಗರ್ ದಿನ ನೋಡಿ, ಮುಂದಿನ ಸೈಕಲ್‌ನಲ್ಲಿ ಇನ್ನೊಬ್ಬರು ಟ್ರಾನ್ಸ್‌ಫರ್ ದಿನ ನೋಡಿದರೆ ಎರಡನ್ನು ಹೋಲಿಸಲು ಆಗುವುದಿಲ್ಲ. ಹೊತ್ತೂ ಅಷ್ಟೇ. ದಿನದ ಬೇರೆ ಬೇರೆ ಹೊತ್ತಿನಲ್ಲಿ ಈ ಹರಿವು ಏರಿಳಿಯುತ್ತದೆ, ಹಾಗಾಗಿ ಬೆಳಿಗ್ಗೆ ಅಂದರೆ ಪ್ರತಿ ಸಲವೂ ಬೆಳಿಗ್ಗೆಯೇ ಇರಲಿ.

ಹಂತ 2: ಹೆಂಗಸನ್ನು ಸಿದ್ಧಮಾಡುವುದು

ಮೂತ್ರ ಮಾಡಿ ಬರಲು ಹೇಳಿ. ತುಂಬಿದ ಮೂತ್ರಕೋಶ ಗರ್ಭಕೋಶವನ್ನು ತಳ್ಳಿ ಜಾಗ ಬದಲಿಸುತ್ತದೆ. ಆಮೇಲೆ ಹತ್ತು ಹದಿನೈದು ನಿಮಿಷ ಸುಮ್ನೆ ಕೂರಿಸಿ. ಮೆಟ್ಟಿಲು ಹತ್ತಿ ಓಡಿ ಬಂದವರ ನಾಡಿ ಜೋರಾಗಿ ಹೊಡೆಯುತ್ತಿರುತ್ತದೆ, ಬಡಿತಗಳ ನಡುವಿನ ಅಂತರ ಕಡಿಮೆಯಾಗಿ ಅಲೆಯ ಕೊನೆಯ ಭಾಗವೇ ಕತ್ತರಿಸಿದ ಹಾಗಾಗುತ್ತದೆ.

ಕೆಲವು ವಿಷಯ ಕೇಳಿ ಬರೆದುಕೊಳ್ಳಿ: ಸಿಗರೇಟ್ ಸೇದುತ್ತಾರಾ, ಬಿಪಿ ಮಾತ್ರೆ ಇದೆಯಾ, ಯಾವ ಹಾರ್ಮೋನ್ ಎಷ್ಟು ದಿನದಿಂದ ತಗೊಳ್ತಿದ್ದಾರೆ, ಹಿಂದೆ ಹೆರಿಗೆ ಆಗಿದೆಯಾ, ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ಆಪರೇಷನ್ ಆಗಿದೆಯಾ. ಇವೆಲ್ಲ ಹರಿವಿನ ಮೇಲೆ ಕೆಲಸ ಮಾಡುತ್ತವೆ.

ಇನ್ನೊಂದು ಮಾತು. ಚಿಕಿತ್ಸೆಯಲ್ಲಿ ಇರುವವರಿಗೆ ಒಳಗಿನ ಸ್ಕ್ಯಾನ್ ಎಷ್ಟೋ ಸಲ ಆಗಿರುತ್ತದೆ, ದೇಹವೇ ಬೇಸತ್ತಿರುತ್ತದೆ. ಡಾಪ್ಲರ್‌ಗೆ ಐದು ನಿಮಿಷ ಜಾಸ್ತಿ ಬೇಕು, ನಡುವೆ ಸರ್ ಅಂತ ಒಂದು ಸದ್ದು ಬರುತ್ತದೆ, ಅದು ನಿಮ್ಮದೇ ರಕ್ತ ಹರಿಯುವ ಸದ್ದು ಅಂತ ಮೊದಲೇ ಹೇಳಿಬಿಡಿ. ಆ ಸದ್ದಿಗೆ ಬೆಚ್ಚಿದವರು ಬಿಗಿಯಾಗುತ್ತಾರೆ, ಉಸಿರು ಹಿಡಿಯುತ್ತಾರೆ. ಆಗ ಅಲೆ ಸರಿ ಬರುವುದಿಲ್ಲ.

ಹಂತ 3: ಮೊದಲು ಕಪ್ಪು ಬಿಳುಪಿನಲ್ಲಿ ನೋಡಿ

ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಲು ಆತುರ ಬೇಡ. ಯೋನಿಯ ಮೂಲಕ ಹಾಕುವ ಪ್ರೋಬ್, ಸಾಮಾನ್ಯವಾಗಿ 5ರಿಂದ 9 ಮೆಗಾಹರ್ಟ್ಸ್. ಗರ್ಭಕೋಶವನ್ನು ಉದ್ದಕ್ಕೆ ಹಿಡಿದು, ಒಳಪದರ ಅತಿ ದಪ್ಪ ಇರುವಲ್ಲಿ ಒಂದು ಹೊರಗೆರೆಯಿಂದ ಇನ್ನೊಂದು ಹೊರಗೆರೆಗೆ ಅಳೆಯಿರಿ. 7 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ತೆಳು ಅಂತ ಸಾಮಾನ್ಯವಾಗಿ ಲೆಕ್ಕ. ಪ್ರೊಜೆಸ್ಟರಾನ್‌ಗೆ ಮುಂಚೆ ಮೂರು ಗೆರೆಯ ನಮೂನೆ ಚೆನ್ನಾಗಿ ಕಾಣಬೇಕು: ಹೊರಗೆ ಎರಡು ಬಿಳಿ ಗೆರೆ, ನಡುವೆ ಒಂದು ಗೆರೆ, ಅವುಗಳ ಮಧ್ಯೆ ಕಪ್ಪು ಪಟ್ಟೆ.

ಫೈಬ್ರಾಯ್ಡ್, ಅಡಿನೋಮಯೋಸಿಸ್ (ಒಳಪದರ ಸ್ನಾಯುವಿನೊಳಗೆ ಬೆಳೆಯುವುದು), ಪಾಲಿಪ್ (ಒಳಪದರದ ಸಣ್ಣ ಗಂಟು) ಇದೆಯಾ ನೋಡಿ. ಇದು ಬಿಟ್ಟುಹೋದರೆ ಮುಂದಿನ ಲೆಕ್ಕ ಹಳಿ ತಪ್ಪುತ್ತದೆ. ಫೈಬ್ರಾಯ್ಡ್ ತನಗೆ ಬೇಕಾದ ರಕ್ತವನ್ನು ತಾನೇ ಎಳೆದುಕೊಳ್ಳುತ್ತದೆ, ಆ ಕಡೆಯ ಯುಟೆರೈನ್ ಆರ್ಟರಿಯ ಪಿಐ ಕಡಿಮೆ ಬರುತ್ತದೆ. ಸಂಖ್ಯೆ ನೋಡಿದರೆ ಹರಿವು ಬಹಳ ಚೆನ್ನಾಗಿದೆ ಅನಿಸುತ್ತದೆ, ಆದರೆ ಆ ರಕ್ತ ಒಳಪದರಕ್ಕೆ ಹೋಗುತ್ತಿಲ್ಲ.

ಹಂತ 4: ಯುಟೆರೈನ್ ಆರ್ಟರಿ ಹುಡುಕುವುದು

ಕೈ ಪಳಗಬೇಕಾದದ್ದು ಇಲ್ಲಿ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಪ್ರೋಬನ್ನು ಗರ್ಭಕಂಠದ ಮುಂದಿನ ಭಾಗಕ್ಕೆ ತಂದು ಗರ್ಭಕಂಠ ಉದ್ದಕ್ಕೆ ಕಾಣುವ ಹಾಗೆ ಮಾಡಿ. ಇಂಟರ್ನಲ್ ಆಸ್ ಎಲ್ಲಿದೆ ಅಂತ ಕಣ್ಣಲ್ಲೇ ಗುರುತು ಇಟ್ಟುಕೊಳ್ಳಿ. ಈಗ ಕಲರ್ ಹಾಕಿ. ಪ್ರೋಬನ್ನು ಎಳೆಯದೆ, ತಿರುಗಿಸದೆ, ಹಿಡಿಯನ್ನು ಮಾತ್ರ ನಿಧಾನವಾಗಿ ಒಂದು ಪಕ್ಕಕ್ಕೆ ವಾಲಿಸಿ. ಗರ್ಭಕಂಠ ಮಾಯವಾಗುತ್ತಾ ಬಂದಂತೆ ಅದರ ಪಕ್ಕದಲ್ಲಿ ಕೆಂಪು ನೀಲಿ ಗೊಂಚಲು ಮೂಡುತ್ತದೆ. ಅದರಲ್ಲಿ ಇಂಟರ್ನಲ್ ಆಸ್‌ನ ಮಟ್ಟದಲ್ಲಿ, ಮೇಲಕ್ಕೆ ಹತ್ತುವ ದಪ್ಪನೆಯ ಬಣ್ಣದ ಹಾದಿ ಕಾಣುತ್ತದಲ್ಲ, ಅದೇ ಯುಟೆರೈನ್ ಆರ್ಟರಿ. ಆರ್ಕುಯೇಟ್ ಕವಲುಗಳು ಒಡೆಯುವ ಮುಂಚಿನ ಜಾಗದಲ್ಲೇ ಅಳೆಯಬೇಕು. ಮೇಲೆ ಹೋದಷ್ಟೂ, ಒಳಗೆ ಹೋದಷ್ಟೂ ಪಿಐ ಇಳಿಯುತ್ತದೆ. ಒಂದು ಸಲ ಕೆಳಗೆ, ಇನ್ನೊಂದು ಸಲ ಮೇಲೆ ಅಳೆದು "ಹರಿವು ಸುಧಾರಿಸಿದೆ" ಅಂತ ಬರೆದರೆ, ಸುಧಾರಿಸಿದ್ದು ಹರಿವಲ್ಲ, ಜಾಗ ಬದಲಾಗಿದ್ದು ಅಷ್ಟೇ.

ಗೊಂಚಲಿನಲ್ಲಿ ಬೇರೆಯವೂ ಇರುತ್ತವೆ. ಅಭಿಧಮನಿ ಆದರೆ ಅಲೆ ಏಳುವುದಿಲ್ಲ, ಒಂದೇ ಸಮ ಪಟ್ಟಿಯ ಹಾಗೆ ಹರಿಯುತ್ತದೆ, ಸದ್ದೂ ಗಾಳಿ ಬೀಸಿದ ಹಾಗೆ. ತೀರಾ ಹೊರಗೆ ಹೋದರೆ ಇಲಿಯಾಕ್ ಸಿಗುತ್ತದೆ: ಅಗಲ ಜಾಸ್ತಿ, ವೇಗ ಜಾಸ್ತಿ, ಅಲೆ ತುಂಬ ಚೂಪು, ಕೆಲವು ಸಲ ಗೆರೆಯ ಕೆಳಗೂ ಇಳಿಯುತ್ತದೆ. ಗರ್ಭಕಂಠದ ಕಡೆಗೆ ಕೆಳಗೆ ಇಳಿಯುವ ಕವಲೂ ಇದೆ, ಅದನ್ನು ಹಿಡಿಯಬೇಡಿ. ಶುರುವಿನಲ್ಲಿ ನಾನು ಇಲಿಯಾಕ್ ಅನ್ನು ಯುಟೆರೈನ್ ಅಂತ ಅಳೆದು ಪಿಐ ಎಷ್ಟು ಜಾಸ್ತಿ ಅಂತ ಗಾಬರಿಯಾಗಿದ್ದೆ. ಪಕ್ಕದಲ್ಲಿದ್ದ ಹಿರಿಯರು ಕೈ ಹಿಡಿದು ಒಂದು ಬೆರಳಿನಷ್ಟು ಒಳಗೆ ತಂದರು. ಅಲೆಯ ಆಕಾರವೇ ಬದಲಾಯಿತು.

ಗರ್ಭಿಣಿ ಅಲ್ಲದವರ ಯುಟೆರೈನ್ ಅಲೆ ಹೀಗಿರುತ್ತದೆ: ಚೂಪಾದ ಏರು, ಬೇಗ ಇಳಿತ, ಇಳಿಯುವಾಗ ಒಂದು ಸಣ್ಣ ತಗ್ಗು, ಆಮೇಲೆ ಕೊನೆಯವರೆಗೆ ಸ್ವಲ್ಪ ಹರಿವು. ಆ ತಗ್ಗಿಗೆ ನಾಚ್ ಅನ್ನುತ್ತೇವೆ. ಗರ್ಭಿಣಿಯರ ಸ್ಕ್ಯಾನ್‌ನಲ್ಲಿ ನಾಚ್ ನೋಡಿ ಎಚ್ಚರ ವಹಿಸುವುದು ಕಲಿತವರು ಇಲ್ಲೂ ಹೆದರುತ್ತಾರೆ. ಇಲ್ಲಿ ಅದು ಸಹಜ, ಬಿಟ್ಟುಬಿಡಿ.

ಹಂತ 5: ಅಲೆ ತೆಗೆಯುವುದು

ಒಂದು ಜಾಗದ ವೇಗವನ್ನು ಅಲೆಯಾಗಿ ತೋರಿಸುವ ಪಲ್ಸ್ ಡಾಪ್ಲರ್ ಒತ್ತಿ. ಗೇಟ್, ಅಂದರೆ ವೇಗ ಅಳೆಯುವ ಕಿಟಕಿ, ಸುಮಾರು 2 ಮಿಲಿಮೀಟರ್ ಇಟ್ಟು ರಕ್ತನಾಳದ ಒಳಗೆ ಸರಿಯಾಗಿ ಕೂರಿಸಿ. ಪಿಐ ಕೋನಕ್ಕೆ ಜಗ್ಗುವುದಿಲ್ಲ ಅಂದೆ, ಹಾಗಂತ ಹೇಗೆ ಬೇಕಾದರೂ ಹಿಡಿಯಬಹುದು ಅಂತಲ್ಲ. ಕೋನ ತೀರಾ ಅಡ್ಡವಾದರೆ ಸಿಗ್ನಲ್ಲೇ ಸೊರಗಿ, ಕೊನೆಯ ಹರಿವು ಸದ್ದುಗದ್ದಲದಲ್ಲಿ ಮುಚ್ಚಿಹೋಗುತ್ತದೆ. 30 ಡಿಗ್ರಿ ಒಳಗೆ ತರಲು ನೋಡಿ. ವೇಗವನ್ನೂ ಬರೆಯುವುದಿದ್ದರೆ ಇದು ಇನ್ನೂ ಮುಖ್ಯ: 20 ಡಿಗ್ರಿ ಇದ್ದಾಗ ಐದು ಡಿಗ್ರಿ ತಪ್ಪಿದರೆ ವೇಗದಲ್ಲಿ ಶೇಕಡ 4ರಷ್ಟು ಹೆಚ್ಚುಕಮ್ಮಿ, 70ರಲ್ಲಿ ಅದೇ ಐದು ಡಿಗ್ರಿ ತಪ್ಪಿದರೆ ಕಾಲು ಭಾಗದಷ್ಟೇ ಹೋಗಿಬಿಡುತ್ತದೆ.

ವಾಲ್ ಫಿಲ್ಟರ್ ಮೇಲೆ ಒಂದು ಕಣ್ಣಿರಲಿ. ಇದು ನಿಧಾನದ ಹರಿವನ್ನು ಗದ್ದಲ ಅಂತ ತಿಳಿದು ಅಳಿಸುವ ಬಟನ್. ಜಾಸ್ತಿ ಇಟ್ಟರೆ ಕೊನೆಯ ಹರಿವು ಇದ್ದರೂ ಅಳಿಸಿಹೋಗಿ ಸೊನ್ನೆ ಕಾಣುತ್ತದೆ, ಪಿಐ ಸುಳ್ಳಾಗಿ ಏರುತ್ತದೆ. 50 ಹರ್ಟ್ಸ್ ಆಸುಪಾಸಿನಲ್ಲಿ ಇಡಿ. ಕೊನೆಯ ಹರಿವು ಇಲ್ಲ ಅಂತ ಬರೆಯುವ ಮುಂಚೆ ಫಿಲ್ಟರ್ ಇಳಿಸಿ, ಕೋನ ಬದಲಿಸಿ, ಇನ್ನೊಂದು ಸಲ ನೋಡಿ. ಆ ಮಾತು ಓದಿದವರ ಮನಸ್ಸಿನಲ್ಲಿ ತುಂಬಾ ದಿನ ಉಳಿಯುತ್ತದೆ.

ಅಲೆಯ ತುದಿ ಕತ್ತರಿಸಿ ಕೆಳಗಡೆ ಮೂಡಿದರೆ ಸ್ಕೇಲ್ ಏರಿಸಿ ಅಥವಾ ಬೇಸ್‌ಲೈನ್ ಇಳಿಸಿ. ಒಂದೇ ಥರದ ಮೂರು ಅಲೆ ಸಾಲಾಗಿ ಬಂದ ಮೇಲೆ ಚಿತ್ರ ನಿಲ್ಲಿಸಿ. ಮೆಷಿನ್ ತಾನೇ ಅಲೆಯ ಅಂಚಿಗೆ ಗೆರೆ ಎಳೆಯುತ್ತದೆ. ಆ ಗೆರೆ ಅಲೆಯ ಮೇಲೆಯೇ ಕೂತಿದೆಯಾ ನೋಡಿ, ಗದ್ದಲದ ಚುಕ್ಕಿಗಳ ಮೇಲೆ ಹತ್ತಿದ್ದರೆ ಕೈಯಲ್ಲೇ ಎಳೆಯಿರಿ. ಇನ್ನೊಂದು ಕಡೆಗೂ ಇದೇ. ಎಡ ಬಲ ಎರಡನ್ನೂ ಬರೆದು ಸರಾಸರಿ ತೆಗೆಯಿರಿ. ದೊಡ್ಡ ಫಾಲಿಕಲ್ ಇರುವ ಕಡೆ ಪಿಐ ಸ್ವಲ್ಪ ಕಡಿಮೆ ಬರುವುದು ಸಾಮಾನ್ಯ, ಒಂದೇ ಕಡೆ ಅಳೆಯಬಾರದು ಅನ್ನುವುದು ಅದಕ್ಕೇ.

ಹಂತ 6: ಒಳಪದರದ ಹರಿವು

ಕಾಲುವೆ ಆಯಿತು, ಈಗ ತೋಡು. ಇಲ್ಲಿ ಹರಿವು ತುಂಬಾ ನಿಧಾನ, ಹಾಗಾಗಿ ಪವರ್ ಡಾಪ್ಲರ್ ಬಳಸಿ. ಅದಕ್ಕೆ ರಕ್ತ ಯಾವ ದಿಕ್ಕಿಗೆ ಹೋಗುತ್ತಿದೆ ಅನ್ನುವುದು ಬೇಕಿಲ್ಲ, ಇದೆಯೋ ಇಲ್ಲವೋ ಅನ್ನುವುದನ್ನು ಸೂಕ್ಷ್ಮವಾಗಿ ಹಿಡಿಯುತ್ತದೆ. ಪಿಆರ್‌ಎಫ್ (ಸೆಕೆಂಡಿಗೆ ಎಷ್ಟು ಸಲ ಕಿರಣ ಬಿಡಬೇಕು ಅನ್ನುವುದು) 0.6 ಕಿಲೋಹರ್ಟ್ಸ್ ಆಸುಪಾಸು, ಫಿಲ್ಟರ್ ಕಡಿಮೆ. ಬಣ್ಣದ ಪೆಟ್ಟಿಗೆ ಒಳಪದರ ಮತ್ತು ಅದರ ಸುತ್ತಲಿನ ಸ್ವಲ್ಪ ಸ್ನಾಯು ಹಿಡಿಯುವಷ್ಟೇ ಚಿಕ್ಕದಿರಲಿ. ಗೇನ್, ಅಂದರೆ ಸಿಗ್ನಲ್ ಹಿಗ್ಗಿಸುವ ಬಟನ್, ಏರಿಸುತ್ತಾ ಹೋಗಿ, ಎಲ್ಲೆಂದರಲ್ಲಿ ಚುಕ್ಕಿ ಮಿಂಚಲು ಶುರುವಾದ ತಕ್ಷಣ ಅವು ಮಾಯವಾಗುವಷ್ಟು ಮಾತ್ರ ಇಳಿಸಿ.

ಆಮೇಲೆ ಕೈ ಕಲ್ಲಿನ ಹಾಗೆ ನಿಲ್ಲಬೇಕು. ಪವರ್ ಡಾಪ್ಲರ್‌ಗೆ ಅಲುಗಾಟ ಅಂದರೆ ಆಗದು. ಅಂಡ ಬಿಡುಗಡೆಯ ಹೊತ್ತಿಗೆ ಗರ್ಭಕೋಶವೇ ಅಲೆಯಲೆಯಾಗಿ ಮಿಡಿಯುತ್ತಿರುತ್ತದೆ, ಆ ಮಿಡಿತಕ್ಕೆ ಇಡೀ ಪೆಟ್ಟಿಗೆ ಒಮ್ಮೆಗೇ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಅದು ರಕ್ತ ಅಲ್ಲ. ಒಂದು ಅರ್ಧ ನಿಮಿಷ ಕಾದರೆ ಬಣ್ಣ ತಗ್ಗಿ, ನಿಜವಾದ ರಕ್ತನಾಳಗಳು ಮಾತ್ರ ನಾಡಿಗೆ ತಕ್ಕಂತೆ ಮಿನುಗುತ್ತಾ ಉಳಿಯುತ್ತವೆ. ಅಂಚಿನಿಂದ ಒಳಗೆ ಚಾಚಿದ ಕೂದಲೆಳೆಯಂಥ ಗೆರೆಗಳು. ನೋಡಿದಷ್ಟೂ ಸಾಲದು ಅನಿಸುವ ದೃಶ್ಯ ಅದು.

ಆ ಗೆರೆಗಳು ಎಲ್ಲಿಯವರೆಗೆ ಬಂದಿವೆ ಅನ್ನುವುದನ್ನು ಬರೆಯಲು ಆಪಲ್‌ಬಾಮ್ ಅನ್ನುವ ಡಾಕ್ಟರ್ ಹೇಳಿದ ನಾಲ್ಕು ವಲಯಗಳು ಅನುಕೂಲ. ಒಳಪದರದ ಹೊರಗಿನ ಬಿಳಿ ಗೆರೆಯ ಸುತ್ತ 2 ಮಿಲಿಮೀಟರ್ ಪಟ್ಟೆ ವಲಯ 1. ಆ ಬಿಳಿ ಗೆರೆ ವಲಯ 2. ಒಳಗಿನ ಕಪ್ಪು ಪಟ್ಟೆ ವಲಯ 3. ನಡುವಿನ ಕುಹರದ ಗೆರೆ ವಲಯ 4. ಹರಿವು ವಲಯ 3ಕ್ಕೋ 4ಕ್ಕೋ ಮುಟ್ಟಿದ್ದರೆ ಒಳ್ಳೆಯ ಲಕ್ಷಣ ಅಂತ ತಗೊಳ್ಳುತ್ತೇವೆ. ವಲಯ 1ರಲ್ಲೇ ನಿಂತಿದ್ದರೆ ಮೊದಲು ಸೆಟ್ಟಿಂಗ್ ಅನುಮಾನಿಸಿ, ಆಮೇಲೆ ಗರ್ಭಕೋಶವನ್ನು. ಗರ್ಭಕೋಶ ಹಿಂದಕ್ಕೆ ವಾಲಿದ್ದರೆ, ಪ್ರೋಬ್‌ನಿಂದ ದೂರ ಇದ್ದರೆ ಬಣ್ಣ ತಾನಾಗಿಯೇ ಕಡಿಮೆ ಕಾಣುತ್ತದೆ.

3ಡಿ ಮೆಷಿನ್ ಇದ್ದವರು ಇಡೀ ಒಳಪದರದ ಘನ ತೆಗೆದು ವಿಐ, ಎಫ್‌ಐ, ವಿಎಫ್‌ಐ ಅಂತ ಮೂರು ಸಂಖ್ಯೆ ಪಡೆಯಬಹುದು. ವಿಐ ಅಂದರೆ ಆ ಘನದಲ್ಲಿ ಶೇಕಡ ಎಷ್ಟು ಭಾಗಕ್ಕೆ ಬಣ್ಣ ಇದೆ ಅನ್ನುವುದು. ಎಫ್‌ಐ ಅಂದರೆ ಬಣ್ಣ ಇರುವಲ್ಲಿ ಅದು ಎಷ್ಟು ಗಾಢ ಅನ್ನುವುದು. ವಿಎಫ್‌ಐ ಎರಡನ್ನೂ ಸೇರಿಸಿದ್ದು. ಚೆಂದದ ಸಂಖ್ಯೆಗಳೇ, ಆದರೆ ಗೇನ್ ಸ್ವಲ್ಪ ತಿರುಗಿಸಿದರೆ ಮೂರೂ ಬದಲಾಗುತ್ತವೆ, ಮೆಷಿನ್ ಬದಲಾದರೂ ಬದಲಾಗುತ್ತವೆ. ಒಂದೇ ಮೆಷಿನ್, ಉಳಿಸಿಟ್ಟ ಒಂದೇ ಸೆಟ್ಟಿಂಗ್ ಇದ್ದರೆ ಮಾತ್ರ ಬಳಸಿ. ಬೇರೆ ಕಡೆಯ ವಿಐ ಜೊತೆ ನಿಮ್ಮದನ್ನು ಹೋಲಿಸಬೇಡಿ.

ಹಂತ 7: ಸಂಖ್ಯೆಯನ್ನು ಓದುವುದು

ಪಿಐ 3 ಅನ್ನುವ ಗೆರೆ ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಅದಕ್ಕೆ ಎಷ್ಟು ಬೆಲೆ ಕೊಡಬೇಕು ಅನ್ನುವುದೂ ಗೊತ್ತಾಗುತ್ತದೆ. 1992ರಲ್ಲಿ ಸ್ಟೀರ್ ಅನ್ನುವ ಸಂಶೋಧಕರು ಮತ್ತು ಜೊತೆಗಾರರು ಟ್ರಾನ್ಸ್‌ಫರ್ ದಿನ ಹೆಂಗಸರ ಯುಟೆರೈನ್ ಪಿಐ ಅಳೆದು, 3 ದಾಟಿದವರಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆ ಅಂತ ತೋರಿಸಿದರು. ಆ ಗೆರೆ ಎಲ್ಲ ಕಡೆ ಹಬ್ಬಿತು. ಆಮೇಲಿನ ಅಧ್ಯಯನಗಳು ಒಂದೇ ದನಿಯಲ್ಲಿ ಮಾತಾಡಲಿಲ್ಲ. 3 ದಾಟಿದವರಲ್ಲೂ ಗರ್ಭ ನಿಂತಿದೆ. 2ರ ಆಸುಪಾಸು ಇದ್ದವರಲ್ಲೂ ನಿಲ್ಲದೆ ಹೋಗಿದೆ. ಭ್ರೂಣದ ಗುಣಮಟ್ಟ, ಹೆಂಗಸಿನ ವಯಸ್ಸು, ಒಳಪದರದ ದಪ್ಪ ಇವುಗಳ ಪಕ್ಕದಲ್ಲಿ ಪಿಐ ಒಂದೇ ನಿಂತು ಭವಿಷ್ಯ ಹೇಳಲಾರದು.

ಹಾಗಾದರೆ ಯಾಕೆ ಅಳೆಯಬೇಕು? ನನ್ನ ಅಭಿಪ್ರಾಯ ಹೇಳುತ್ತೇನೆ. ಎಲ್ಲರಿಗೂ ಅಳೆಯಬೇಕಾಗಿಲ್ಲ. ಒಳಪದರ ಎಷ್ಟು ಮಾಡಿದರೂ ಬೆಳೆಯದವರಲ್ಲಿ, ಒಳ್ಳೆಯ ಭ್ರೂಣ ಹಾಕಿದರೂ ಮತ್ತೆ ಮತ್ತೆ ನಿಲ್ಲದವರಲ್ಲಿ ಇದು ಒಂದು ಸುಳಿವು ಕೊಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಅದೇ ಹೆಂಗಸನ್ನು ಅವರದೇ ಹಿಂದಿನ ಸೈಕಲ್ ಜೊತೆ ಹೋಲಿಸಲು ಉಪಯೋಗ. ಒಂದು ಸಂಖ್ಯೆಗಿಂತ, ಬೇರೆ ಬೇರೆ ಸೈಕಲ್‌ನ ಅದೇ ದಿನ, ಅದೇ ಜಾಗದಲ್ಲಿ ತೆಗೆದ ಎರಡು ಸಂಖ್ಯೆಗಳು ಜಾಸ್ತಿ ಮಾತಾಡುತ್ತವೆ.

ನಾನು ಓದುವ ಕ್ರಮ ಇದು. ಒಳಪದರ 7 ದಾಟಿದೆ, ಮೂರು ಗೆರೆ ಇದೆ, ಹರಿವು ವಲಯ 3 ಮುಟ್ಟಿದೆ, ಪಿಐ 3.2 ಬಂದಿದೆ ಅಂದರೆ ನಾನು ಟ್ರಾನ್ಸ್‌ಫರ್ ನಿಲ್ಲಿಸಲು ಹೇಳುವುದಿಲ್ಲ. ಗದ್ದೆಗೆ ನೀರು ಬಂದಿರುವುದು ಕಣ್ಣಿಗೆ ಕಾಣುತ್ತಿದೆಯಲ್ಲ. ಒಳಪದರ 5.5, ಹರಿವು ವಲಯ 1ರಲ್ಲೇ ನಿಂತಿದೆ, ಪಿಐ ಎರಡೂ ಕಡೆ 3ರ ಮೇಲೆ, ಒಂದೆರಡು ದಿನ ಬಿಟ್ಟು ನೋಡಿದರೂ ಹಾಗೇ ಇದೆ ಅಂದರೆ ಚಿಕಿತ್ಸೆ ಮಾಡುವ ಡಾಕ್ಟರ್ ಜೊತೆ ಕೂತು ಮಾತಾಡಬೇಕು. ಭ್ರೂಣವನ್ನು ಫ್ರೀಜ್ ಮಾಡಿ ಇನ್ನೊಂದು ಸೈಕಲ್ ನೋಡುವುದಾ, ಈಸ್ಟ್ರೋಜನ್ ಕೊಡುವ ಬಗೆ ಬದಲಿಸುವುದಾ, ಒಳಗೆ ಅಂಟು ಇದೆಯಾ ಅಂತ ಕ್ಯಾಮೆರಾ ಹಾಕಿ ನೋಡುವ ಹಿಸ್ಟರೋಸ್ಕೋಪಿ ಮಾಡುವುದಾ ಅನ್ನುವುದು ಅವರ ಜೊತೆ ತೀರ್ಮಾನ ಆಗಬೇಕಾದ ವಿಷಯ.

ಔಷಧಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಪಿಐ ಜಾಸ್ತಿ ಅಂದ ತಕ್ಷಣ ಕಡಿಮೆ ಡೋಸಿನ ಆಸ್ಪಿರಿನ್, ಸಿಲ್ಡೆನಾಫಿಲ್, ಎಲ್-ಆರ್ಜಿನಿನ್, ಹೆಪಾರಿನ್ ಅಂತ ಪಟ್ಟಿ ಶುರುವಾಗುತ್ತದೆ. ಐವಿಎಫ್‌ನಲ್ಲಿ ಎಲ್ಲರಿಗೂ ಆಸ್ಪಿರಿನ್ ಕೊಟ್ಟರೆ ಮಗು ಆಗುವುದು ಹೆಚ್ಚುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಉಳಿದವಕ್ಕೂ ಆಧಾರ ತೆಳುವೇ. ಸಂಖ್ಯೆ ಇಳಿಯಬಹುದು, ಆದರೆ ಸಂಖ್ಯೆ ಇಳಿಸುವುದು ಬೇರೆ, ಮಗು ಕೈಗೆ ಬರುವುದು ಬೇರೆ. ಸಿಗರೇಟ್ ಬಿಡುವುದಕ್ಕೆ ಮಾತ್ರ ಯಾವ ತಕರಾರೂ ಇಲ್ಲ, ಇವತ್ತೇ ಬಿಡಿ.

ಹಂತ 8: ರಿಪೋರ್ಟ್ ಮತ್ತು ಮಾತು

ರಿಪೋರ್ಟಿನಲ್ಲಿ ಇಷ್ಟು ಇರಲೇಬೇಕು: ಸೈಕಲ್‌ನ ಎಷ್ಟನೇ ದಿನ, ಯಾವ ಔಷಧಿ ಎಷ್ಟನೇ ದಿನ, ಹೊತ್ತು, ಒಳಪದರದ ದಪ್ಪ ಮತ್ತು ನಮೂನೆ, ಎಡ ಬಲ ಪಿಐ ಬೇರೆ ಬೇರೆ ಮತ್ತು ಸರಾಸರಿ, ಕೊನೆಯ ಹರಿವು ಇದೆಯಾ, ಒಳಪದರದಲ್ಲಿ ಯಾವ ವಲಯದವರೆಗೆ, ಫೈಬ್ರಾಯ್ಡ್ ಇದ್ದರೆ ಎಲ್ಲಿ. ಅಲೆಯ ಚಿತ್ರ ಎರಡೂ ಕಡೆಯದು. ಚಿತ್ರ ಇಲ್ಲದ ಪಿಐಯನ್ನು ಮುಂದೆ ಯಾರೂ ಪರೀಕ್ಷಿಸಲಾಗುವುದಿಲ್ಲ.

ಒಂದು ಮಾದರಿ: "ಈಸ್ಟ್ರೋಜನ್ 12ನೇ ದಿನ, ಬೆಳಿಗ್ಗೆ 9:30. ಒಳಪದರ 8.2 ಮಿ.ಮೀ., ಮೂರು ಗೆರೆ. ಯುಟೆರೈನ್ ಪಿಐ ಬಲ 2.43, ಎಡ 2.78, ಸರಾಸರಿ 2.6. ಎರಡೂ ಕಡೆ ಕೊನೆಯ ಹರಿವು ಇದೆ. ಒಳಪದರದ ಹರಿವು ವಲಯ 3ರವರೆಗೆ. ಫೈಬ್ರಾಯ್ಡ್ ಇಲ್ಲ." ಇಷ್ಟೇ ಸಾಕು.

"ಹರಿವು ಕಳಪೆ", "ಗರ್ಭಕೋಶ ಸಿದ್ಧವಿಲ್ಲ" ಅಂತೆಲ್ಲ ಬರೆಯಬೇಡಿ. ಕಂಡದ್ದನ್ನು ಬರೆಯಿರಿ, ತೀರ್ಪು ಬೇಡ. ಸ್ಕ್ಯಾನ್ ಟೇಬಲ್ ಮೇಲೆ ಮಲಗಿದವರು ನಿಮ್ಮ ಮುಖವನ್ನೇ ನೋಡುತ್ತಿರುತ್ತಾರೆ, ಹುಬ್ಬು ಗಂಟಿಕ್ಕಿದರೂ ಅದರಲ್ಲಿ ಅರ್ಥ ಹುಡುಕುತ್ತಾರೆ. ಅಲೆ ಸಿಗದೆ ತಡವಾಗುತ್ತಿದ್ದರೆ "ರಕ್ತನಾಳ ಸುತ್ತಿಕೊಂಡಿದೆ, ಸರಿಯಾದ ಕೋನ ಹುಡುಕ್ತಿದೀನಿ, ಬೇರೇನೂ ಇಲ್ಲ" ಅಂತ ಬಾಯಿಬಿಟ್ಟು ಹೇಳಿ. ಪಿಐ ಜಾಸ್ತಿ ಬಂದು ಅವರು ಕೇಳಿದರೆ, ಇವತ್ತಿನ ಸಂಖ್ಯೆ ಸ್ವಲ್ಪ ಜಾಸ್ತಿ ಇದೆ, ಇದು ದಿನದಿಂದ ದಿನಕ್ಕೆ ಬದಲಾಗುತ್ತದೆ, ಇದೊಂದರಿಂದ ಏನೂ ತೀರ್ಮಾನ ಆಗುವುದಿಲ್ಲ ಅಂತ ಹೇಳಿ. ಅದು ಸಮಾಧಾನಕ್ಕೆ ಹೇಳುವ ಮಾತಲ್ಲ, ಇರುವ ವಿಷಯವೇ ಅದು.

ಪಾಸಿಟಿವ್ ಬಂದ ಮೇಲೆ

ಗರ್ಭದ ಪರೀಕ್ಷೆ ಪಾಸಿಟಿವ್ ಬಂದವರು ಆರನೇ ವಾರಕ್ಕೋ ಏಳನೇ ವಾರಕ್ಕೋ ಮತ್ತೆ ಅದೇ ಟೇಬಲ್ ಮೇಲೆ ಮಲಗಿ "ರಕ್ತ ಚೆನ್ನಾಗಿ ಹೋಗ್ತಿದೆಯಾ ನೋಡಿ" ಅನ್ನುತ್ತಾರೆ. ಈಗ ಡಾಪ್ಲರ್ ಬಟನ್‌ನಿಂದ ಕೈ ದೂರ ಇರಲಿ. ಪಲ್ಸ್ ಡಾಪ್ಲರ್‌ನಲ್ಲಿ ಕಿರಣದ ಶಕ್ತಿ ಒಂದೇ ಜಾಗದ ಮೇಲೆ ಬೀಳುತ್ತದೆ, ಅಂಗಾಂಶ ಬಿಸಿಯಾಗುವ ಸಾಧ್ಯತೆ ಇದೆ. ಮೊದಲ ಮೂರು ತಿಂಗಳಲ್ಲಿ ಅದನ್ನು ವಾಡಿಕೆಯಾಗಿ ಬಳಸಬಾರದು ಅನ್ನುವುದು ಅಂತರರಾಷ್ಟ್ರೀಯ ಅಲ್ಟ್ರಾಸೌಂಡ್ ಸಂಘಗಳ ಮಾತು. ತೀರಾ ಬೇಕಾದಾಗಲೂ, ಬಿಸಿಯಾಗುವ ಸಾಧ್ಯತೆ ಎಷ್ಟು ಅಂತ ಮೆಷಿನ್ ತೋರಿಸುವ ಥರ್ಮಲ್ ಇಂಡೆಕ್ಸ್ 1ಕ್ಕಿಂತ ಕೆಳಗೆ, ಸಮಯ ಆದಷ್ಟು ಕಡಿಮೆ.

ಭ್ರೂಣದ ಹೃದಯದ ಬಡಿತ ನೋಡಲು ಎಂ-ಮೋಡ್ ಸಾಕು, ಅದು ಒಂದು ಗೆರೆಯ ಮೇಲಿನ ಚಲನೆಯನ್ನು ತೋರಿಸುತ್ತದೆ. ಗೆರೆಯನ್ನು ಮಿಡಿಯುವ ಜಾಗದ ಮೇಲೆ ಇಟ್ಟು ಒತ್ತಿ. ಪರದೆಯ ಮೇಲೆ ಸಣ್ಣ ಸಣ್ಣ ಅಲೆಗಳು ಸಾಲಾಗಿ ಬರುತ್ತವೆ. ಸದ್ದು ಇರುವುದಿಲ್ಲ. ಪರದೆಯನ್ನು ಅವರ ಕಡೆ ತಿರುಗಿಸಿ, ಒಂದೊಂದು ಅಲೆಯನ್ನೂ ಬೆರಳಿಟ್ಟು ತೋರಿಸಿ.